ಅತ್ತೆಯ ಬಳೆಗೆ ಹಸಿರು ಚೀಟಿ

ಹೆಂಗಸರ ಕೈಯನ್ನು ದಿಟ್ಟಿಸುವ ಚಾಳಿ ನನಗಿದೆ. ಗಾಬರಿಯಾಗಬೇಡಿ, ನಾನು ನೋಡುವುದು ಬಳೆಯನ್ನು. ಅದರಲ್ಲೂ ಜೇಡ್ ಎನ್ನುತ್ತಾರಲ್ಲ, ಆ ಹಸಿರು ಕಲ್ಲಿನ ಬಳೆಯನ್ನು. ಮದುವೆ ಮನೆಯಲ್ಲಾಗಲಿ, ಪೀಣ್ಯದ ಬಸ್ಸಿನಲ್ಲಾಗಲಿ, ಅಂಥದೊಂದು ಬಳೆ ಕಣ್ಣಿಗೆ ಬಿದ್ದರೆ ಸಾಕು, ಬೆಳಕಿಗೆ ಹಿಡಿದು ಒಳಗೆ ಗುಳ್ಳೆಗಳಿವೆಯೇ ಎಂದು ನೋಡಬೇಕೆಂದು ಜೀವ ತಹತಹಿಸುತ್ತದೆ. ಪಕ್ಕದಲ್ಲಿ ನನ್ನ ಹೆಂಡತಿ ಇರುವುದರಿಂದ ಈವರೆಗೆ ಯಾರ ಕೈಯಲ್ಲೂ ಏಟು ತಿಂದಿಲ್ಲ.

ಈ ಚಾಳಿ ಹತ್ತಿಸಿದ್ದು ನನ್ನ ಸೋದರತ್ತೆ ಪದ್ಮಾವತಮ್ಮ. ಅವರ ಬಲಗೈಯಲ್ಲಿ ಒಂದು ಹಸಿರು ಬಳೆ. ಅವರ ಯಜಮಾನರು, ಅಂದರೆ ನಮ್ಮ ಮಾವ ಶೇಷಗಿರಿರಾಯರು, ಮದುವೆಯಾದ ಹೊಸತರಲ್ಲಿ ರಂಗೂನಿನ ಒಂದು ತೇಗದ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಯುದ್ಧದ ಗಲಾಟೆ ಶುರುವಾದಾಗ ಕೆಲಸ ಬಿಟ್ಟು ಹಡಗು ಹತ್ತಿ ಊರಿಗೆ ಬಂದರು. ಬರುವಾಗ ಅವರು ತಂದದ್ದು ಈ ಬಳೆಯೊಂದೇ. "ಅಸಲಿ ಕಲ್ಲು ಕಣೇ, ಸಂಬಳ ಕೂಡಿಟ್ಟು ತಂದೆ" ಎಂದು ಹೇಳಿ ಅವರೇ ಅತ್ತೆಯ ಕೈಗೆ ಸೋಪು ಹಚ್ಚಿ ತೊಡಿಸಿದರಂತೆ. ಆಮೇಲೆ ಕೈ ದಪ್ಪವಾಯಿತು, ಬಳೆ ಅಲ್ಲೇ ಉಳಿಯಿತು.

ತೊಂದರೆ ಏನೆಂದರೆ, ನಮ್ಮ ಮಾವ ಮೋಸ ಹೋಗುವುದಕ್ಕೇ ಹುಟ್ಟಿದವರು. ನೀರಿಲ್ಲದ ಬಾವಿಯಿರುವ ಸೈಟು, ಗಂಧದ ವಾಸನೆ ಬಳಿದ ಮಾಮೂಲಿ ಮರದ ಆನೆ, ಹಾಲು ಕೊಡದ ಹಸು, ಎಲ್ಲವನ್ನೂ ಅವರು ನಗುನಗುತ್ತಾ ಕೊಂಡವರು. ನಮ್ಮ ವಂಶದಲ್ಲಿ ಯಾರಾದರೂ ಏಮಾರಿದರೆ 'ಶೇಷಗಿರಿ ವ್ಯಾಪಾರ' ಎಂದೇ ಹೇಳುವ ವಾಡಿಕೆ. ಅತ್ತೆ ಮಾತ್ರ ಪ್ರತಿ ಸಲವೂ ಬಲಗೈ ಎತ್ತಿ ತೋರಿಸಿ, "ಇದಕ್ಕೆ ಏನಂತೀರಿ?" ಎಂದು ಎಲ್ಲರ ಬಾಯಿ ಮುಚ್ಚಿಸುತ್ತಿದ್ದರು. ಅವರ ಗಂಡನ ಮರ್ಯಾದೆ ಆ ಒಂದು ಬಳೆಯ ಮೇಲೆ ನಿಂತಿತ್ತು.

ಆ ವರ್ಷದ ನವರಾತ್ರಿಗೆ ಅವರಿಬ್ಬರೂ ಬಾಗಲಗುಂಟೆಯ ನಮ್ಮ ಮನೆಗೆ ಬಂದಿದ್ದರು. ಗೊಂಬೆ ನೋಡಲು ಬಂದ ಪಕ್ಕದ ಮನೆಯ ಸರೋಜಮ್ಮನ ಕೈಯಲ್ಲೂ ಒಂದು ಹಸಿರು ಬಳೆ! ಅವರ ತಮ್ಮ ಸಿಂಗಪುರದಿಂದ ತಂದದ್ದು, ಎಲೆಯ ಚಿಗುರಿನಂತೆ ಪಳಪಳ ಹೊಳೆಯುವಂಥದ್ದು. ಅತ್ತೆಯದನ್ನು ಹಿಡಿದು ನೋಡಿ ಆಕೆ, "ಬೇಜಾರ್ ಮಾಡ್ಕೋಬೇಡಿ ಕಣ್ರೀ, ಇದು ಗಾಜು. ಅಸಲಿ ಆಗಿದ್ರೆ ಹಿಂಗೆ ಬಿಳಿ ಬಿಳಿ ಇರಲ್ಲ. ಬೆಳ್ಳಗಿರೋದೆಲ್ಲ ಹಾಲಲ್ಲ, ನೋಡಿ" ಎಂದುಬಿಟ್ಟರು. ಅತ್ತೆಯ ಮುಖ ಸಣ್ಣದಾಯಿತು. ಕುಂಕುಮ ಕೊಟ್ಟು ಕಳಿಸಿ ಒಳಗೆ ಬಂದವರೇ ನನ್ನನ್ನು ಕರೆದು, "ಲೋ ಗೋಪಾಲಿ, ಫ್ಯಾಕ್ಟರೀಲಿ ದಿನಾ ಅದೇನೋ ಪರೀಕ್ಷೆ ಮಾಡ್ತೀಯಲ್ಲ, ಇದನ್ನೂ ಮಾಡೋ" ಎಂದರು.

ನಾನು ಪೀಣ್ಯದ ಒಂದು ಬೇರಿಂಗ್ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್. ಪೊಲೀಸರ ಪೈಕಿ ಅಲ್ಲ, ತಯಾರಾದ ಮಾಲನ್ನು ಅಳೆದು ನೋಡಿ ಚೀಟಿ ಕಟ್ಟುವವರ ಪೈಕಿ. ಸರಿಯಾಗಿದ್ದರೆ ಹಸಿರು ಚೀಟಿ, ಕೆಟ್ಟಿದ್ದರೆ ಕೆಂಪು, ಒಂದಿಷ್ಟು ತಿದ್ದಿದರೆ ಆದೀತು ಎನ್ನುವಂಥದಕ್ಕೆ ಹಳದಿ. ಇಂಥವನಿಗೆ ಯಾರಾದರೂ 'ಪರೀಕ್ಷೆ ಮಾಡು' ಎಂದರೆ ಕೇಳಬೇಕೆ! ನನಗೆ ಅವತ್ತು ಊಟವೇ ಸೇರಲಿಲ್ಲ, ಅಷ್ಟು ಉತ್ಸಾಹ.

ಮನೆಯಲ್ಲೇ ಶುರುಮಾಡಿದೆ. ಅಸಲಿ ಕಲ್ಲು ಮುಟ್ಟಿದರೆ ತಣ್ಣಗಿರುತ್ತದೆ ಎಂದು ಎಲ್ಲೋ ಓದಿದ್ದೆ. ಮುಟ್ಟಿದೆ, ಅತ್ತೆಯಷ್ಟೇ ಬೆಚ್ಚಗಿತ್ತು. ದಾರದಲ್ಲಿ ತೂಗುಹಾಕಿ ತಟ್ಟಿದರೆ ಗಂಟೆಯಂತೆ ನುಡಿಯುತ್ತದೆ ಎನ್ನುತ್ತಾರೆ. ಅತ್ತೆಯನ್ನು ದಾರದಲ್ಲಿ ತೂಗುಹಾಕುವುದು ಹೇಗೆ? ಗಾಜಿಗಿಂತ ಈ ಕಲ್ಲು ಭಾರ, ನೀರಿನಲ್ಲಿ ಮುಳುಗಿಸಿ ತೂಕ ನೋಡಿದರೆ ತಿಳಿಯುತ್ತದೆ. ಆದರೆ ಬಕೆಟ್ಟಿನಲ್ಲಿ ಮುಳುಗಿದ್ದು ಮೊಣಕೈವರೆಗಿನ ಅತ್ತೆಯೇ. ಬಳೆಗೆ ತಲೆಗೂದಲು ಬಿಗಿದು ಬೆಂಕಿಕಡ್ಡಿ ಹಿಡಿದರೆ ಅಸಲಿಯ ಮೇಲೆ ಕೂದಲು ಸುಡುವುದಿಲ್ಲವಂತೆ. ಸುಡಲಿಲ್ಲ! ನಾನು ಕುಣಿದಾಡಿದೆ. ಆಮೇಲೆ ಅನುಮಾನ ಬಂದು ಸ್ಟೀಲ್ ಲೋಟಕ್ಕೂ ಗಾಜಿನ ಲೋಟಕ್ಕೂ ಕೂದಲು ಸುತ್ತಿ ನೋಡಿದೆ. ಅಲ್ಲೂ ಸುಡಲಿಲ್ಲ. ಆ ಲೆಕ್ಕದಲ್ಲಿ ನಮ್ಮ ಅಡುಗೆಮನೆಯೇ ಒಂದು ರತ್ನಭಂಡಾರ.

ಮಾವ ಮಾತ್ರ ಇದೆಲ್ಲದರಿಂದ ದೂರ. "ಅಂಗೈ ಹುಣ್ಣಿಗೆ ಕನ್ನಡಿ ಯಾಕೋ? ಬಿಡೋ ಅತ್ಲಾಗೆ" ಎನ್ನುತ್ತ ಪಂಚಾಂಗದಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು.

ಈ ಕಲ್ಲಿನ ಹಣೆಬರಹವೇ ವಿಚಿತ್ರ ನೋಡಿ. ಚೀನಾದವರು ಚಿನ್ನಕ್ಕಿಂತ ಇದನ್ನೇ ಮೇಲೆಂದು ಹೊತ್ತು ಮೆರೆದರು. ನಮ್ಮವರು ನವರತ್ನಗಳ ಸಾಲಿನಲ್ಲಿ ಇದಕ್ಕೆ ಒಂದು ಮಣೆಯನ್ನೂ ಹಾಕಲಿಲ್ಲ. ಸಾಲದೆಂಬಂತೆ, ಜಾತಿ ಬೇರೆಯಾದ ಎರಡು ಕಲ್ಲುಗಳು ಒಂದೇ ಹೆಸರಿನಲ್ಲಿ ಓಡಾಡುತ್ತವೆ, ಎರಡೂ ಅಸಲಿಯೇ. ಗಾಜಿನದು ಮೂರನೆಯದು, ಅದು ಶುದ್ಧ ನಕಲಿ. ಕಳಪೆ ಕಲ್ಲಿಗೆ ಬಣ್ಣ ಕುಡಿಸಿದ್ದು ನಾಲ್ಕನೆಯದು, ಅದನ್ನು ಹಿಡಿಯುವುದೇ ಕಷ್ಟ. ಗಾಜಿನೊಳಗೆ ದುಂಡನೆಯ ಗಾಳಿಗುಳ್ಳೆಗಳು ಸಿಕ್ಕಿಬಿದ್ದಿರುತ್ತವೆ. ಬಣ್ಣ ಕುಡಿದ ಕಲ್ಲಿನಲ್ಲಿ ಹಸಿರೆಲ್ಲ ಸಣ್ಣ ಬಿರುಕುಗಳಲ್ಲಿ ಹೋಗಿ ಕೂತಿರುತ್ತದೆ. ಇವೆರಡನ್ನೂ ನೋಡಲು ಬೇಕಾದದ್ದು ಸೂಕ್ಷ್ಮದರ್ಶಕ. ಅದು ನಮ್ಮ ಇನ್‌ಸ್ಪೆಕ್ಷನ್ ಕೋಣೆಯಲ್ಲಿತ್ತು. ಮತ್ತು ವರ್ಷಕ್ಕೊಂದೇ ದಿನ, ಆಯುಧಪೂಜೆಗೆ, ಮನೆಮಂದಿಯನ್ನೆಲ್ಲ ಕಾರ್ಖಾನೆಯ ಒಳಗೆ ಬಿಡುತ್ತಿದ್ದರು!

ಆ ಬೆಳಿಗ್ಗೆ ಬಾಳೆಕಂದು ಕಟ್ಟಿದ ಲೇತುಗಳ ನಡುವೆ, ಒಡೆದ ಬೂದುಗುಂಬಳಕಾಯಿ ದಾಟಿಕೊಂಡು ನಮ್ಮ ಮೆರವಣಿಗೆ ಹೊರಟಿತು. ನಾನು, ನನ್ನ ಹೆಂಡತಿ, ಅತ್ತೆ, ಮನಸ್ಸಿಲ್ಲದ ಮಾವ, ತಮಾಷೆ ತಪ್ಪಿಸಿಕೊಳ್ಳಬಾರದೆಂದು ಸರೋಜಮ್ಮ. ಅಷ್ಟರಲ್ಲಿ ಪುರೋಹಿತರು ಕೋಣೆಯ ಪ್ರತಿಯೊಂದು ಉಪಕರಣಕ್ಕೂ ಕುಂಕುಮವಿಟ್ಟು ತೀರ್ಥ ಚಿಮುಕಿಸಿ ಹೋಗಿದ್ದರು. ನಮ್ಮ ಮುಖ್ಯಸ್ಥ ಸುಬ್ಬರಾಯರು ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಕ್ಷಮಿಸದ ಮನುಷ್ಯ. ವಿಷಯ ಕೇಳಿದ್ದೇ ಕಡಲೆಪುರಿಯ ಪೊಟ್ಟಣ ಪಕ್ಕಕ್ಕಿಟ್ಟು ಸೂಕ್ಷ್ಮದರ್ಶಕದ ದೀಪ ಹಾಕಿದರು. ಯಾರೋ ಗಡಸುತನ ಅಳೆಯುವ ಯಂತ್ರಕ್ಕೇ ಕೊಡೋಣ ಎಂದರು. ಅದು ಉಕ್ಕಿಗೇ ಗುಳಿ ಬೀಳಿಸುವ ಯಂತ್ರ, ಬಳೆಯೂ ಹೋಗುತ್ತಿತ್ತು, ಕೈಯೂ ಹೋಗುತ್ತಿತ್ತು. ನಾನು ಅಡ್ಡ ನಿಂತೆ.

ಮೊದಲು ಸರೋಜಮ್ಮ ತಮ್ಮದನ್ನು ಬಿಚ್ಚಿ ಕೊಟ್ಟರು. ಸುಬ್ಬರಾಯರು ನೋಡಿದರು, ನಾನೂ ನೋಡಿದೆ. ಬಿರುಕುಬಿರುಕಿನಲ್ಲೂ ಹಸಿರು ಬಣ್ಣ ಇಂಗಿತ್ತು. ಕಲ್ಲು ನಿಜ, ಬಣ್ಣ ಆಮೇಲಿನದು, ಥೇಟ್ ಸುಬ್ಬರಾಯರ ಮೀಸೆಯ ಹಾಗೆ. "ಕಲ್ಲು ಕಲ್ಲೇ ಅಮ್ಮ, ಸೋಪು ಜಾಸ್ತಿ ಹಾಕ್ಬೇಡಿ" ಎಂದಷ್ಟೇ ಹೇಳಿ ಅವರು ವಾಪಸು ಕೊಟ್ಟರು.

ಈಗ ಅತ್ತೆಯ ಸರದಿ. ಲೆನ್ಸಿನ ಕೆಳಗೆ ಕೈ ಇಟ್ಟು ಕಣ್ಣು ಮುಚ್ಚಿಕೊಂಡರು. ಸುಬ್ಬರಾಯರು ಇನ್ನೂ ದೊಡ್ಡದಾಗಿ ತೋರಿಸುವ ಬೇರೊಂದು ಲೆನ್ಸನ್ನು ತಿರುಗಿಸಿಟ್ಟು, ಬಗ್ಗಿ ನೋಡಿ, ನನಗೆ ಜಾಗ ಬಿಟ್ಟರು. ನೋಡುತ್ತೇನೆ, ಗುಳ್ಳೆಗಳು! ಒಂದಲ್ಲ ಎರಡಲ್ಲ, ದುಂಡುದುಂಡಾಗಿ ಹರಡಿವೆ. "ಏನೋ?" ಎಂದರು ಅತ್ತೆ. ನಾನು ಲೆನ್ಸಿನಿಂದ ಕಣ್ಣು ತೆಗೆಯಲಿಲ್ಲ. ಸರೋಜಮ್ಮ ಬಾಯಿ ತೆರೆದರು. ಮಾವ ಗೋಡೆ ಕಡೆ ತಿರುಗಿ ನಿಂತರು. ಅತ್ತೆ ಕೈಯನ್ನು ಚೂರು ಸರಿಸಿದರು ನೋಡಿ, ಬಳೆಯ ಹಸಿರು ಸರಿಯಿತು, ಬಿಳಿ ಸರಿಯಿತು, ಗುಳ್ಳೆಗಳು ಮಾತ್ರ ಇದ್ದಲ್ಲೇ ಇದ್ದವು!

"ತೀರ್ಥ ಸಾರ್, ತೀರ್ಥ! ಲೆನ್ಸಿನ ಮೇಲೆ ಪುರೋಹಿತರ ತೀರ್ಥ!" ನಾನು ಕಿರುಚಿದ ರಭಸಕ್ಕೆ ಹೊರಗಿದ್ದವರೂ ಒಳಗೆ ಬಂದರು. ಸುಬ್ಬರಾಯರು ತಮ್ಮ ಹೊಸ ಪಂಚೆಯ ತುದಿಯಿಂದಲೇ ಲೆನ್ಸು ಒರೆಸಿದರು. ಈಗ ನೋಡಿದರೆ ಒಂದು ಗುಳ್ಳೆಯೂ ಇಲ್ಲ. ನೆನೆದ ಅವಲಕ್ಕಿ ಒತ್ತಿಟ್ಟ ಹಾಗೆ ಕಣಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಹಸಿರು ಒಂದು ಕಡೆ ದಟ್ಟ, ಒಂದು ಕಡೆ ತೆಳು, ಎಲ್ಲೂ ಬಿರುಕಿನಲ್ಲಿ ಕೂತಿಲ್ಲ, ಕಲ್ಲಿನ ಮೈಯಲ್ಲೇ ಬೆರೆತಿದೆ. ಆ ಬಿಳಿ ಮಚ್ಚೆಗಳೇ ಅದರ ಸಾಚಾತನ! ಜನ ಪ್ರಸಾದಕ್ಕೆ ನಿಂತ ಹಾಗೆ ಸಾಲಾಗಿ ನಿಂತು ನೋಡಿದರು. ಸುಬ್ಬರಾಯರು ಹಸಿರು ಚೀಟಿಯೊಂದನ್ನು ತೆಗೆದು, ಸಹಿ ಮಾಡಿ, ಅತ್ತೆಯ ಬಳೆಗೆ ಕಟ್ಟಿದರು. ನನಗೆ ಸಂತೋಷದಿಂದ ಕಣ್ಣು ತುಂಬಿ ಬಂತು.

"ಯಾರು ಕಣೋ ಏಮಾರಿದ್ದು? ಹೇಳ್ರೋ ಈಗ!" ಎಂದು ಅತ್ತೆ ಬಲಗೈ ಎತ್ತಿದರು. ಮಾವ ಸ್ಟೂಲಿನ ಮೇಲೆ ಕುಸಿದು ಕೂತರು.

"ಪದ್ದು, ನಾನು ಅದನ್ನ ಗಾಜು ಅಂತಲೇ ತಂದಿದ್ದೆ ಕಣೇ."

ಮಾವ ನೆಲ ನೋಡುತ್ತಾ ಹೇಳಿದರು: "ಹಡಗಿನ ಹತ್ರ ಒಂದು ಮುದುಕಿ ಮಳೇಲಿ ನೆನೀತಾ ನಿಂತಿದ್ಲು. ಛತ್ರಿ ಕೊಟ್ಟೆ. ಅವಳು ಕೈಯಿಂದ ಇದನ್ನ ಬಿಚ್ಚಿ ನನ್ನ ಜೇಬಿಗೆ ಹಾಕಿದ್ಲು. ಛತ್ರಿಗೆ ಯಾರು ಅಸಲಿ ಕಲ್ಲು ಕೊಡ್ತಾರೆ? ಬರಿಗೈಲಿ ಬಂದೆ ಅನ್ನೋಕೆ ನಾಚಿಕೆಯಾಗಿ ಅಸಲಿ ಅಂದ್ಬಿಟ್ಟೆ."

"ಅಂದ್ರೆ ಇಷ್ಟು ವರ್ಷ ನನಗೆ ಸುಳ್ಳು ಹೇಳಿದ್ರಿ?"

"ಸುಳ್ಳು ಅಂದ್ಕೊಂಡೇ ಹೇಳಿದ್ದೆ. ಈಗ ನೋಡಿದ್ರೆ ನಿಜಾನೇ ಹೇಳಿದೀನಿ!"

"ಛತ್ರಿ ಅಂದ್ರೆ, ಕಾಶೀಯಾತ್ರೆಗೆ ನಮ್ಮಪ್ಪ ಕೊಟ್ಟಿದ್ದಾ? ಕಳೆದುಹೋಯ್ತು ಅಂದಿದ್ರಲ್ಲ?" ಎಂದರು ಅತ್ತೆ. ಮಾವ ತಲೆಯಾಡಿಸಿದರು. ಅತ್ತೆ ನನ್ನ ಕಡೆ ತಿರುಗಿ, "ಲೋ, ತಿದ್ದಿದ್ರೆ ಆಗತ್ತೆ ಅನ್ನೋದಕ್ಕೆ ಯಾವ ಚೀಟಿ ಅಂದಿದ್ದೆ?" ಎಂದು ಕೇಳಿದರು. ನಾನು ಹಳದಿ ಚೀಟಿ ಕೊಟ್ಟೆ. ಅದನ್ನು ಮಾವನ ಅಂಗಿಯ ಗುಂಡಿಗೆ ಗಂಟು ಹಾಕಿ ಕಟ್ಟಿದರು. ಕಟ್ಟುವಾಗ ಅವರ ತುಟಿಯಂಚಿನಲ್ಲಿದ್ದ ನಗು ನನಗೆ ಸ್ಪಷ್ಟವಾಗಿ ಕಂಡಿತು.

ಮಾವ ಅದನ್ನು ಬಿಚ್ಚಲಿಲ್ಲ. ಬಸ್ಸಿನಲ್ಲಿ ಕಂಡಕ್ಟರು ಅದೇನೆಂದು ಕೇಳಿದಾಗ, "ಪಾಸಾಗಿದೀನಿ ಕಣಪ್ಪ, ಚೂರು ಕೆಲಸ ಬಾಕಿ ಇದೆ" ಎಂದರು. ಕಲ್ಲಿಗೆ ನಾನು ಈಗಲೂ ಧೈರ್ಯವಾಗಿ ಹಸಿರೋ ಕೆಂಪೋ ಕಟ್ಟಬಲ್ಲೆ. ಮನುಷ್ಯರ ವಿಷಯಕ್ಕೆ ಬಂದರೆ, ನನ್ನನ್ನೂ ಸೇರಿಸಿ, ಹಳದಿ ಚೀಟಿಯ ಕಟ್ಟನ್ನೇ ಜೇಬಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.