ಎಣ್ಣೆ ಬ್ರೇಕಿನ ಮೇಸ್ತ್ರಿ

ಮೊನ್ನೆ ಮೊಮ್ಮಗನ ಕೂಸಿಗೆ ಚುಚ್ಚುಮದ್ದು ಹಾಕಲು ನರ್ಸಮ್ಮ ಮನೆಗೇ ಬಂದಿದ್ದರು. ಆಗಷ್ಟೇ ಕೂಸಿನ ನೆತ್ತಿಗೆ ಹರಳೆಣ್ಣೆ ತಟ್ಟಿದ್ದರು. ನರ್ಸಮ್ಮ ಹತ್ತಿಗೆ ಸ್ಪಿರಿಟ್ ಅದ್ದಿದ್ದೇ ತಡ, ಎರಡೂ ವಾಸನೆ ಕೂಡಿ ಮೂಗಿಗೆ ಹೊಡೆಯಿತು. ನಾನು ಎದ್ದು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. “ಯಾಕ್ರೀ ಮಾವಾ, ಎಣ್ಣೆ ವಾಸನೆ ಆಗಲ್ವಾ?” ಎಂದು ಸೊಸೆ ಒಳಗಿನಿಂದಲೇ ಕೇಳಿದಳು. ಹೌದು ಎಂದೆ. ಅರವತ್ತು ವರ್ಷದಿಂದ ಆಗುವುದಿಲ್ಲ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಯಾರೋ ಸಾಹೇಬರು ಓಡಿಸಿ ಬಿಟ್ಟಿದ್ದ ಹಳೇ ಕಾರೊಂದನ್ನು ಅಪ್ಪ ಕೊಂಡಿದ್ದರು. ನಾನದನ್ನು ಶಿಕಾರಿಪುರದಿಂದ ಸೊರಬಕ್ಕೆ ಬಾಡಿಗೆ ಓಡಿಸುತ್ತಿದ್ದೆ. ಆಗ ನನಗೆ ಇಪ್ಪತ್ತೈದು ವರ್ಷ, ತಲೆ ತುಂಬ ಸೊಕ್ಕು. ಆದರೆ ಕಾರಿಗಿದ್ದದ್ದು ತಂತಿ ಬ್ರೇಕು. ಮಳೆ ಬಿದ್ದರೆ ಒಂದು ಗಾಲಿ ಹಿಡಿಯುತ್ತಿತ್ತು, ಮೂರು ಹಿಡಿಯುತ್ತಿರಲಿಲ್ಲ. ಗಾಡಿ ಎಡಕ್ಕೆ ಎಳೆಯುತ್ತಿತ್ತು. ಇಳಿಜಾರು ಬಂತೆಂದರೆ ಉಳವಿಯ ಯಜಮಾನರೊಬ್ಬರು, “ನಿಲ್ಸಪ್ಪಾ ಮಾರಾಯ, ನಾನು ನಡ್ಕಂಡೇ ಬರ್ತೀನಿ” ಎಂದು ಇಳಿದುಬಿಡುತ್ತಿದ್ದರು.

ಬಸ್ ನಿಲ್ದಾಣದ ಹಿಂದಿನ ತಗಡಿನ ಶೆಡ್ಡಿನಲ್ಲಿ ಮೇಸ್ತ್ರಿ ಇದ್ದರು. ಹೆಸರು ಹಿಡಿದು ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಮಹಾ ಮುಂಗೋಪಿ. ನಟ್ಟು ಬಿಗಿಯುವಾಗ ಮಾತಾಡಿಸಿದರೆ ಸ್ಪ್ಯಾನರ್ ಕೆಳಗಿಟ್ಟು, “ಮುಗಿತಾ ನಿಂದು?” ಎಂದು ಕೇಳಿ ಮತ್ತೆ ಎತ್ತಿಕೊಳ್ಳುತ್ತಿದ್ದರು. ಶಿವಮೊಗ್ಗದಲ್ಲಿ ಗುಜರಿಗೆ ಬಿದ್ದಿದ್ದ ಮಿಲಿಟರಿ ಜೀಪಿನ ಬ್ರೇಕಿನ ಸಾಮಾನು ಪೂರ್ತಿ ಬಿಚ್ಚಿ ತಂದು, ನನ್ನ ಕಾರಿಗೆ ಕೂರಿಸುತ್ತೇನೆಂದು ಹಟ ಹಿಡಿದವರು ಅವರೇ. ಪೆಡಲ್ ಒತ್ತಿದರೆ ಕೊಳವೆಯೊಳಗಿನ ಎಣ್ಣೆ ನಾಲ್ಕು ಗಾಲಿಯನ್ನೂ ಒಟ್ಟಿಗೆ ಹಿಡಿಯುವ ಬ್ರೇಕು. ಊರಿನವರು ನಕ್ಕರು. ಎಣ್ಣೆ ಹಾಕಿದರೆ ಜಾರುತ್ತದೆಯೇ ಹೊರತು ನಿಲ್ಲುತ್ತದೆಯೇ, ಎಂದರು. “ಈ ಬ್ರೇಕು ಹಿಡೀಲಿಲ್ಲ ಅಂದ್ರೆ ಅವತ್ತಿಂದ ನಾ ಸ್ಪ್ಯಾನರ್ ಮುಟ್ಟಲ್ಲ” ಎಂದು ಮೇಸ್ತ್ರಿ ಅಷ್ಟೂ ಜನರೆದುರು ಹೇಳಿಬಿಟ್ಟರು.

ಆ ಎಣ್ಣೆಯ ಡಬ್ಬಿ ನಮ್ಮೂರಲ್ಲಿ ಸಿಗುತ್ತಿರಲಿಲ್ಲ. ಹರಳೆಣ್ಣೆಗೆ ಸ್ಪಿರಿಟ್ ಬೆರೆಸಿ ಅವರೇ ತಯಾರಿಸಿದರು. ತಿಂಗಳು ಹಿಡಿಯಿತು. ಪರೀಕ್ಷೆಯ ದಿನ ಸೊರಬದ ದಾರಿಯ ಇಳಿಜಾರಿನ ಬುಡದಲ್ಲಿ, ನಡುರಸ್ತೆಯಲ್ಲಿ, ಈ ಮನುಷ್ಯ ಹೋಗಿ ನಿಂತರು. “ಜೋರಾಗಿ ಬಾ. ನಾ ಕೈ ಎತ್ತಿದಾಗ ಒತ್ತು.” ಅವರ ಕೈ ಮೇಲೆದ್ದಿತು. ಒತ್ತಿದೆ… ಕಾರು ಅವರ ಎದೆಯಿಂದ ಮಾರು ದೂರದಲ್ಲಿ ಕದಲದೆ ನಿಂತಿತು. ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನಕ್ಕರು. ಆ ಮುಖದಲ್ಲಿ ನಗು ಕಂಡದ್ದು ಅದೊಂದೇ ಸಲ. “ಎಣ್ಣೆ ಕಮ್ಮಿ ಆದ್ರೆ ನನ್ನ ಕರಿ ತಮ್ಮಾ. ನೀ ಮಾತ್ರ ಕೈ ಹಾಕಬ್ಯಾಡ” ಎಂದರು.

ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಆ ದಿನ ಯಾವ ಕಬ್ಬಿಣಕ್ಕೂ ಎಣ್ಣೆ ತಪ್ಪುವಂತಿರಲಿಲ್ಲ. ಕುಡುಗೋಲು, ಕೊಡಲಿ, ಅಮ್ಮನ ಹೊಲಿಗೆ ಮಿಷನ್ನು, ಸೈಕಲ್ಲು, ಎಲ್ಲಕ್ಕೂ ಒಂದೇ ಡಬ್ಬಿಯ ಮಿಷನ್ ಎಣ್ಣೆ. ಕಾರಿನ ಬಾಗಿಲ ತಿರುಗಣಿಗೂ ಬಿಟ್ಟೆ. ಕಾಲಡಿಯ ಹಲಗೆ ಎತ್ತಿ ನೋಡಿದರೆ ಬ್ರೇಕಿನ ಎಣ್ಣೆ ಎರಡು ಬೆರಳು ಇಳಿದಿತ್ತು. ಮೇಸ್ತ್ರಿ ಹಬ್ಬಕ್ಕೆಂದು ಮಗಳ ಮನೆಗೆ ಹೋಗಿದ್ದರು. ಪೂಜೆಯ ದಿನ ಗಾಡಿಯಲ್ಲಿ ಕೊರತೆ ಇರಬಾರದು ಎನ್ನಿಸಿತು. ಭಕ್ತಿಯಿಂದಲೇ, ಕೈಯಲ್ಲಿದ್ದ ಡಬ್ಬಿ ಬಗ್ಗಿಸಿದೆ. ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು ಇಟ್ಟು ಓಡಿಸಿದೆ. ಚೆನ್ನಾಗಿಯೇ ನಿಂತಿತು, ಹಾಳಾದ್ದು. ಆಮೇಲೆ ಆ ಮಾತನ್ನೇ ಮರೆತೆ.

ಮೂರು ವಾರ ಕಳೆದು ಕುಬಟೂರಿಗೆ ಹೆಣ್ಣು ನೋಡಲು ಹೊರಟಿದ್ದ ಐದು ಜನರನ್ನು ಕೂರಿಸಿಕೊಂಡು ಹೋಗುತ್ತಿದ್ದೆ. ಅದೇ ಇಳಿಜಾರು. ಪೆಡಲ್ ಸೀದಾ ನೆಲಕ್ಕೆ ಹೋಯಿತು. ಕಾರು ರಸ್ತೆ ಬಿಟ್ಟು ಗದ್ದೆಗೆ ಬಿತ್ತು. ಗಂಡಿನ ಸೋದರಮಾವ, ಶಾಲೆಯ ಮೇಷ್ಟ್ರು, ಅವರ ಕಾಲು ಮುರಿದು ಮತ್ತೆ ನೆಟ್ಟಗಾಗಲಿಲ್ಲ.

ಮೇಸ್ತ್ರಿ ಓಡಿಬಂದರು. ಗದ್ದೆಯಲ್ಲೇ ಕೂತು ಬ್ರೇಕು ಬಿಚ್ಚಿ, ಎಣ್ಣೆಯನ್ನು ತಡೆದು ಹಿಡಿಯುವ ರಬ್ಬರಿನ ಬಟ್ಟಲನ್ನು ಹೊರತೆಗೆದರು. ಅದು ಮಿಷನ್ ಎಣ್ಣೆ ಕುಡಿದು ಊದಿ ಮೆತ್ತಗಾಗಿತ್ತು. ಮೂಸಿ ನೋಡಿದರು. ತಲೆಯೆತ್ತಿ ನನ್ನನ್ನೇ ನೋಡಿದರು. ಸುತ್ತ ಅಪ್ಪ, ಮೇಷ್ಟ್ರ ಕಡೆಯವರು, ಅರ್ಧ ಊರು.

“ತಮ್ಮಾ, ಇದರಾಗ ಬ್ಯಾರೆ ಎಣ್ಣೆ ಏನಾರ ಬಿಟ್ಟಿದ್ಯಾ?”

ಹೌದೆಂದರೆ ಅಪ್ಪ ಕಾರಿನ ಕೀಲಿ ಕಿತ್ತುಕೊಳ್ಳುತ್ತಿದ್ದರು. ಅಷ್ಟೇ. ಕೊಲ್ಲುತ್ತಿರಲಿಲ್ಲ.

“ಇಲ್ಲ ಮೇಸ್ತ್ರಿ. ನಾನು ಮುಟ್ಟೇ ಇಲ್ಲ” ಎಂದೆ.

ಅವರು ಎರಡನೇ ಸಲ ಕೇಳಲಿಲ್ಲ. ರಬ್ಬರನ್ನು ಜೇಬಿಗೆ ಹಾಕಿಕೊಂಡು ಎದ್ದರು. ವಾಸನೆಯೇ ಸಾಕ್ಷಿಯಾಗಿತ್ತು, ಜೇಬಿನಲ್ಲೇ ಇತ್ತು. ಯಾರಿಗಾದರೂ ತೋರಿಸಬಹುದಿತ್ತಲ್ಲ? ತೋರಿಸಲಿಲ್ಲ. ಮೇಸ್ತ್ರಿ ಬ್ರೇಕಿಗೆ ಸಾರಾಯಿ ಹುಯ್ದಿದ್ದನಂತೆ ಎಂದು ಸಂತೆಯಲ್ಲೆಲ್ಲ ಆಡಿಕೊಂಡರು. ಆಗಲೂ ನಾನು ಬಾಯಿ ಬಿಡಲಿಲ್ಲ, ಥೂ. ಒಂದು ವಾರದೊಳಗೆ ಶೆಡ್ಡಿಗೆ ಬೀಗ ಬಿತ್ತು. ಕೊಟ್ಟ ಮಾತನ್ನು ಆ ಮನುಷ್ಯ ಉಳಿಸಿಕೊಂಡರು.

ಎರಡು ವರ್ಷದ ಮೇಲೆ ಉಡುತಡಿಯ ಹತ್ತಿರ ಬಸ್ಸಿನ ಕಿಟಕಿಯಿಂದ ಅವರನ್ನು ಕಂಡೆ. ಅಳಿಯನ ಕುರಿಗಳನ್ನು ರಸ್ತೆ ದಾಟಿಸುತ್ತಿದ್ದರು. ಡ್ರೈವರ್ ಬ್ರೇಕು ಒತ್ತಿದ. ಗಾಲಿ ಕೀರಿಟ್ಟಿತು. ಮೇಸ್ತ್ರಿ ತಲೆ ವಾರೆ ಮಾಡಿ ಆ ಸದ್ದನ್ನು ಕೇಳಿಸಿಕೊಂಡರು. ಕೈಯಲ್ಲಿ ಬರೇ ಒಂದು ಕೋಲು. ಇಳಿಯಬೇಕಿತ್ತು… ಇಳಿದು ಕಾಲು ಹಿಡಿಯಬೇಕಿತ್ತು. ನಾನು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುವವನಂತೆ ಬಗ್ಗಿ ಕೂತೆ. ಅವರು ತೀರಿಕೊಂಡ ಸುದ್ದಿ ತಿಳಿದದ್ದೂ ವರ್ಷ ಕಳೆದ ಮೇಲೆ.

ಕೂಸಿನ ಅಳು ನಿಂತಿತ್ತು. ಸೊಸೆ ಅದನ್ನೆತ್ತಿಕೊಂಡು ಕಟ್ಟೆಗೇ ಬಂದಳು, ಇನ್ನೊಂದು ಕೈಯಲ್ಲಿ ಎಣ್ಣೆ ಬಟ್ಟಲು. “ಮಾವಾ, ಮನೆಗೆ ಹಿರೇರು ನೀವು. ನಿಮ್ಮ ಕೈಯಿಂದ ಒಂದು ಹನಿ ನೆತ್ತಿಗೆ ಮುಟ್ಟಿಸ್ರಿ, ಕೂಸಿಗೆ ಒಳ್ಳೇದಾಗ್ಲಿ.”

ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

“ಬೇಡಮ್ಮ. ನಾನು ಮುಟ್ಟಲ್ಲ.”