ಬಾಯಲ್ಲಿಟ್ಟುಕೊಂಡ ಸ್ಕ್ರೂ

ಮೊನ್ನೆ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆ ಬಿಚ್ಚಿದ್ದೆ. ಮುಚ್ಚಳದ ಸ್ಕ್ರೂ ಉರುಳಿ ಕಳೆದೀತೆಂದು ಅದನ್ನು ತುಟಿಗಳ ನಡುವೆ ಇಟ್ಟುಕೊಂಡೆ. ಕಬ್ಬಿಣದ ರುಚಿ ನಾಲಿಗೆಗೆ ತಾಗಿದ್ದೇ ಯಗಟಿ ಬಸ್‌ಸ್ಟ್ಯಾಂಡ್ ಎದುರಿನ ಮೋಟರ್ ರಿಪೇರಿಯವರು ನೆನಪಾದರು.

ನಾನಾಗ ಕಡೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಕರೆಂಟ್ ಬಂದ ಮೇಲೆ ವೋಲ್ಟೇಜ್ ಏರಿಳಿತ ನಿಲ್ಲಲೆಂದು ಮೂರು ನಿಮಿಷ ಕಾದು ಮೋಟರ್ ಆನ್ ಮಾಡಬೇಕಾದ ಟೈಮರ್ ಕೆಟ್ಟು, ನಮ್ಮ ತೋಟದ ಮೋಟರ್ ಸುಟ್ಟಿತ್ತು. ಪೆಟ್ಟಿಗೆ ಹೊತ್ತುಕೊಂಡು ಅವರಲ್ಲಿಗೆ ಹೋದೆ. ರಿಪೇರಿ ಮುಗಿಸಿ, ಮೋಟರಿನ ಜಾಗಕ್ಕೆ ಬಲ್ಬೊಂದನ್ನು ಕಟ್ಟಿ, ಟೈಮರಿನ ಗುಂಡಿಯನ್ನು ಮೂರು ಸೆಕೆಂಡಿಗೆ ಇಳಿಸಿದರು.

“ಮೂರು ನಿಮಿಷ ಕಾದು ನೋಡ್ಬೇಕಲ್ವಾ ಅಣ್ಣಾ?”

“ಕಾಯಕ್ಕೆ ನಾನೇನ್ ಬಸ್‌ಸ್ಟ್ಯಾಂಡಲ್ಲಿ ಕೂತಿದ್ದೀನೇನವ್ವಾ? ಇಲ್ಲಿ ಟೈಮು ನಾನ್ ಹೇಳ್ದಂಗೆ ಕೇಳ್ತದೆ.”

ಆಮೇಲೆ ಮುಚ್ಚಳದ ಸ್ಕ್ರೂ ಬಾಯಿಗೆ ಹೋಯಿತು, ಮಾತು ನಿಂತಿತು. ಸ್ವಿಚ್ ಒತ್ತಿದರು, ಬಲ್ಬ್ ಹೊತ್ತುವ ಮೊದಲೇ ಆರಿಸಿದರು, ಮತ್ತೆ ಒತ್ತಿದರು. ಕೊನೆಯ ಸಲ ಒತ್ತಿದ ಮೂರನೇ ಸೆಕೆಂಡಿಗೆ ಬಲ್ಬ್ ಹೊತ್ತಿತು. ಗುಂಡಿಯನ್ನು ಮೂರು ನಿಮಿಷಕ್ಕೆ ಮರಳಿಸಿದ ಮೇಲೆಯೇ ಸ್ಕ್ರೂ ಹೊರಬಂದದ್ದು.

“ಒಂದ್ಸಲ ಗುಂಡಿ ತಿರುಗ್ಸೋದು ಮರೆತು ಹಂಗೇ ಕೊಟ್ಬಿಟ್ಟೆ ಕಣವ್ವಾ. ಪಾಪ, ಅವರ ಮೋಟರ್ ಸುಟ್ಟೋಯ್ತು. ಈಗ ಗುಂಡಿ ತಿರುಗ್ಸೋವರ್ಗೂ ಸ್ಕ್ರೂ ಬಾಯಲ್ಲೇ, ಟೀ ಕುಡಿಯಕ್ಕಾಗಲ್ಲ. ಮರೆಯಕ್ಕೆ ಟೀ ಬಿಡಲ್ಲ!”

ಹೀಗೇ ಹೇಳಿದರೇ... ಟೀಯನ್ನು ನಾನೇ ಆಮೇಲೆ ಸೇರಿಸಿಕೊಂಡೆನೋ ಏನೋ. ಸ್ಕ್ರೂ ಮಾತ್ರ ನಿಜ.

ಈಗ ಅಂಥವೇ ಪೆಟ್ಟಿಗೆಗಳಿಗೆ ನಾನು ಪ್ರೋಗ್ರಾಮ್ ಬರೆಯುತ್ತೇನೆ. ಪರೀಕ್ಷಿಸಲು ಕಂಪ್ಯೂಟರಿನಲ್ಲಿ ಬೇಕಾದಷ್ಟು ಮುಂದಕ್ಕೆ ತಳ್ಳಬಹುದಾದ ಸುಳ್ಳು ಗಡಿಯಾರವೊಂದಿದೆ. ಮೂರು ನಿಮಿಷ ಕಣ್ಣು ಮಿಟುಕಿಸುವಷ್ಟರಲ್ಲಿ ಕಳೆಯುತ್ತದೆ. ಮೊನ್ನೆ ಪೆಟ್ಟಿಗೆ ಬಿಚ್ಚುವ ಹೊತ್ತಿಗೆ ಎಲ್ಲ ಪರೀಕ್ಷೆಗಳೂ ಪಾಸಾಗಿದ್ದವು. ಮರುದಿನ ಪೆಟ್ಟಿಗೆ ಶಿವನಿ ಊರಿನ ತೋಟವೊಂದಕ್ಕೆ ಹೋಗಬೇಕಿತ್ತು. ಅಷ್ಟರಲ್ಲಿ ಬಾಯಲ್ಲಿ ಆ ರುಚಿ. ಅವರು ಸ್ವಿಚ್ ಒತ್ತಿ, ಆರಿಸಿ, ಒತ್ತಿದ್ದು ನೆನಪಾಗಿ ಇನ್ನೊಂದು ಪರೀಕ್ಷೆ ಬರೆದೆ: ಎರಡೂವರೆ ನಿಮಿಷಕ್ಕೆ ಕರೆಂಟ್ ಹೋಗಲಿ, ಕೂಡಲೇ ಬರಲಿ. ನನ್ನ ಪ್ರೋಗ್ರಾಮ್ ಹೊಸದಾಗಿ ಎಣಿಸುವ ಬದಲು ಹಳೆಯ ಎಣಿಕೆಯನ್ನೇ ಮುಂದುವರಿಸಿ, ಅರ್ಧ ನಿಮಿಷಕ್ಕೇ ಮೋಟರ್ ಆನ್ ಮಾಡಿತು. ಹಾಗೇ ಕಳಿಸಿದ್ದರೆ ಶಿವನಿಯ ಆ ಮೋಟರೂ ಸುಡುತ್ತಿತ್ತು.

ತಿದ್ದಿದೆ. ಪರೀಕ್ಷೆ ಪಾಸಾಯಿತು.

ಅವರ ಅಂಗಡಿಯಲ್ಲೀಗ ಮೊಬೈಲ್ ಕವರ್ ಮಾರುತ್ತಾರೆ. ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು. ನನ್ನ ಪೆಟ್ಟಿಗೆಯಲ್ಲಿ ಮೂರು ನಿಮಿಷ ಮೂರೇ ನಿಮಿಷ, ಇಳಿಸಿ ಮರೆಯುವ ಗುಂಡಿಯೇ ಇಲ್ಲ ಅಣ್ಣಾ ಎಂದು ಒಮ್ಮೆ ತೋರಿಸಬೇಕಿತ್ತು...

ಮೊನ್ನೆ ಆ ಪರೀಕ್ಷೆ ಪಾಸಾದ ಮೇಲೆಯೇ ಬಾಯಿಂದ ಸ್ಕ್ರೂ ತೆಗೆದು ಮುಚ್ಚಳ ಬಿಗಿದೆ. ಪಕ್ಕದಲ್ಲಿದ್ದ ಟೀ ತಣ್ಣಗಾಗಿತ್ತು. ಪೂರ್ತಿ ಕುಡಿದೆ.