ಅಪ್ಪಣ್ಣನ ಕೊನೆಯ ಎರಡು ರೊಟ್ಟಿ

ನಾಗನೂರಿನ ಅಪ್ಪಣ್ಣನಿಗೆ ಒಂದು ರೋಗವಿದೆ. ಎದುರಿಗೆ ಯಾರೇ ಇರಲಿ, "ಬರ್ರಿ, ಊಟ ಮಾಡೂನು" ಎನ್ನದೆ ತುತ್ತು ಬಾಯಿಗಿಡುವುದಿಲ್ಲ. ಘಟಪ್ರಭಾ ಸ್ಟೇಷನ್ನಿನಲ್ಲಿ ಬುತ್ತಿ ಬಿಚ್ಚಿದನೆಂದರೆ ಇಡೀ ಪ್ಲಾಟ್‌ಫಾರ್ಮಿಗೆ ಆಮಂತ್ರಣ! ನಮ್ಮ ಕಡೆ ಇದರಿಂದ ನಷ್ಟವೇನಿಲ್ಲ. ಕರೆಯುವುದು ರೀತಿ, "ನಮ್ಮದಾತ್ರಿ, ನೀವು ಮಾಡ್ರಿ" ಎನ್ನುವುದೂ ರೀತಿ.

ಹೋದ ವರ್ಷ ಕಬ್ಬಿನ ತಳಿ ನೋಡಲು ಹೊರಟ ರೈತರ ತಂಡದಲ್ಲಿ ನಾವಿಬ್ಬರೂ ಬಾರ್ಬಡೋಸ್ ಎಂಬ ದ್ವೀಪಕ್ಕೆ ಹೋದೆವು. ಎಂಟು ದಿನ, ಎಲ್ಲಿ ನೋಡಿದರೂ ಮೀನು. ಲಿಂಗ ಕಟ್ಟಿದ ನಾವು ಬ್ರೆಡ್ಡು, ಬಾಳೆಹಣ್ಣು ತಿಂದು ಸೊರಗಿದೆವು. ಅಪ್ಪಣ್ಣನ ಹೆಂಡತಿ ಯಲ್ಲವ್ವ ಕಟ್ಟಿಕೊಟ್ಟಿದ್ದ, ವಾರಗಟ್ಟಲೆ ಕೆಡದ ಒಣ ಕಟಕ ರೊಟ್ಟಿಗಳಲ್ಲಿ ಎರಡೇ ಉಳಿದಿದ್ದವು. ಒಂದು ಅವನಿಗೆ, ಒಂದು ನನಗೆ. ಕೊನೆಯ ದಿನಕ್ಕೆಂದು ನಾನೇ ಕಾವಲು ಕಾದಿದ್ದೆ.

ಆ ದಿನ ಬ್ರಿಜ್‌ಟೌನಿನ ಹಳೆಯ ಬಂದರಿಗೆ ಕರೆದೊಯ್ದರು. ಒಂದು ಕಾಲಕ್ಕೆ ಸಕ್ಕರೆ ಹಡಗೇರುತ್ತಿದ್ದ ಜಾಗವಂತೆ. ಕಲ್ಲಿನ ಕಟ್ಟಡಗಳು, ಸೇತುವೆ, ಬಣ್ಣದ ದೋಣಿಗಳು. ಗೈಡ್ ಮುನ್ನೂರು ವರ್ಷದ ಕಥೆ ಹೇಳುತ್ತಿದ್ದ. ನನ್ನ ಕಣ್ಣು ಅಪ್ಪಣ್ಣನ ಚೀಲದ ಮೇಲಿತ್ತು.

ಅಂತೂ ನೀರಿನ ದಂಡೆಯ ಕಟ್ಟೆಯ ಮೇಲೆ ಕೂತು ಗಂಟು ಬಿಚ್ಚಿದ. ಶೇಂಗಾ ಚಟ್ನಿಯ ವಾಸನೆಗೆ ನನಗೆ ಅಳುವೇ ಬಂತು. ಪಕ್ಕದಲ್ಲಿ ಬಲೆ ಹೊಲಿಯುತ್ತಿದ್ದ ಮುದುಕ, ಅವನ ಹೆಂಡತಿ ಇತ್ತ ನೋಡಿದರು.

"ಬ್ಯಾಡೋ ಅಪ್ಪಣ್ಣ, ಬಾಯಿ ಮುಚ್ಚು!" ಎಂದೆ.

ಕೇಳಿದರೆ ತಾನೆ? "ಕಮ್, ಈಟ್!" ಎಂದು ಕೈಬೀಸಿಯೇ ಬಿಟ್ಟಿದ್ದ.

ಬಂದರು! ಖರೇನೇ ಬಂದು ಕೂತರು! ರೊಟ್ಟಿ ಮುರಿದರು, ಚಟ್ನಿಯ ಖಾರಕ್ಕೆ ಕಣ್ಣೊರೆಸಿಕೊಂಡರು, ನಕ್ಕರು, ಮತ್ತೆ ಮುರಿದರು. ನನ್ನ ಪಾಲಿಗೆ ಉಳಿದದ್ದು ಬೆರಳಗಲದ ತುಂಡು. ಸಿಟ್ಟಿಗೆ ಅದೂ ರುಚಿಸಲಿಲ್ಲ.

ಆಗ ಮುದುಕಿ ತನ್ನ ಡಬ್ಬಿ ತೆರೆದಳು. ಬೇಯಿಸಿದ ಗೆಣಸು! ಅಯ್ಯೋ ಶಿವನೇ, ಮೀನಿಲ್ಲದ ಊಟ! ನಮ್ಮ ಮುಂದೆ ಹಿಡಿದು ತಿನ್ನಿ ಎಂದಳು. ಅಪ್ಪಣ್ಣ ಹೊಟ್ಟೆ ಸವರಿಕೊಂಡು, ಒಂದು ಸುಳ್ಳು ತೇಗು ತೇಗಿ, "ನೋ ನೋ, ಫುಲ್" ಎಂದ. ಪಾಪ, ಅವಳು ನಂಬಿ ಡಬ್ಬಿ ಮುಚ್ಚತೊಡಗಿದಳು.

"ತಡಿಯೋ, ಇನ್ನೊಮ್ಮಿ ಕರೀತಾರ" ಎಂದು ಅಪ್ಪಣ್ಣ ಪಿಸುಗುಟ್ಟಿದ.

"ಲೇ ಹುಚ್ಚಾ, ಇವರು ಒಮ್ಮಿ ಕರದ್ರ ಮುಗೀತು! ಕರದ್ರ ಬರ್ತಾರ, ಒಲ್ಲೆ ಅಂದ್ರ ಮುಚ್ಚತಾರ!" ಎಂದು ಮುಚ್ಚಳಕ್ಕೆ ಕೈ ಅಡ್ಡ ಹಿಡಿದೆ.

"ನಾಗನೂರಿನ ಮಾನ ಕಳದೆಲ್ಲೋ!" ಎಂದು ಅಪ್ಪಣ್ಣ ಮುಖ ತಿರುಗಿಸಿದ. ಹೋದರೆ ಹೋಗಲಿ ಎಂದು ನಾನು ಎರಡು ಗೆಣಸು ತಿಂದೆ. ತಲೆಯೆತ್ತಿ ನೋಡುತ್ತೇನೆ, ಅಪ್ಪಣ್ಣ ಮೂರನೆಯದರ ಸಿಪ್ಪೆ ಸುಲಿಯುತ್ತಿದ್ದ.